ಮುಖಪುಟದ ನಾಯಿಗೆ ಬಾಲವಿಲ್ಲ

ಮಾರ್ಚ್ 6

ಮೇಷ್ಟ್ರಿಗೆ ನಿಮ್ಮ ಇರುವೆಯ ನಮಸ್ಕಾರಗಳು.

ಫೋನಿನಲ್ಲಿ ನಿಮ್ಮ ಕಿವಿ ಅರ್ಧ ಮಾತನ್ನು ನುಂಗುತ್ತದೆ. ಉಳಿದರ್ಧವನ್ನು ನಿಮ್ಮ ಮಗಳು ಕೂಗಿ ಹೇಳುವಾಗ ನನ್ನ ಕಷ್ಟ ಅಕ್ಕಪಕ್ಕದ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಆದ್ದರಿಂದ ಪತ್ರ.

ಸಮಾಧಿಯ ಗೋಡೆಚಿತ್ರ ಉಳಿಸುವ ಕೆಲಸದ ಹೊಣೆ ಹೊತ್ತು ಎರಡು ವಾರವಾಯಿತು. ಹತ್ತೊಂಬತ್ತು ಮೆಟ್ಟಿಲು ಇಳಿದರೆ ಕೋಣೆ. ಒಮ್ಮೆಗೆ ಇಬ್ಬರು, ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚು ಉಸಿರಾಡಿದರೆ ತೇವಮಾಪಕ ಕಿರುಚಿಕೊಳ್ಳುತ್ತದೆ. ಫೋನು, ನೀರಿನ ಬಾಟಲಿ ಎಲ್ಲ ಮೇಲಿನ ಪೆಟ್ಟಿಗೆಯಲ್ಲೇ ಬಿಡಬೇಕು. ನನ್ನ ಜೊತೆ ಇಳಿಯುವವಳು ಹೊಸದಾಗಿ ಸೇರಿದ ರಸಾಯನಶಾಸ್ತ್ರದ ಹುಡುಗಿ. ದಿನಕ್ಕೆ ನಲವತ್ತು ಪ್ರಶ್ನೆ ಕೇಳುತ್ತಾಳೆ. ನಾವೆಲ್ಲ ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟಿದ್ದೇವೆ.

ಪೂರ್ವದ ಗೋಡೆ ನಿಮ್ಮ ಪಾಠಪುಸ್ತಕದ ಮುಖಪುಟದಲ್ಲಿರುವುದೇ: ಮಂಚದ ಮೇಲೆ ಒರಗಿದ ಗಂಡ ಹೆಂಡತಿ, ಕೊಳಲು ಊದುವವನು, ಮಂಚದ ಕೆಳಗೆ ಮಲಗಿದ ನಾಯಿ. ಹತ್ತಿರ ಹೋಗಿ ನೋಡಿದೆ. ಹಿಂದಿನ ತಂಡ ರಕ್ಷಣೆಗೆಂದು ಹಚ್ಚಿದ ರಾಳ ಹಳದಿಗಟ್ಟಿದೆ. ಬತ್ತಿದ ಕೆರೆಯ ಮಣ್ಣಿನ ಹಾಗೆ ಹೋಳುಹೋಳಾಗಿ ಎದ್ದು, ಒಂದೊಂದು ಹೋಳೂ ಬೆನ್ನಿಗೆ ಮೂಲ ಬಣ್ಣವನ್ನು ಅಂಟಿಸಿಕೊಂಡೇ ಕಳಚುತ್ತಿದೆ. ಗೋಡೆಯ ಒಳಗಿನಿಂದ ಬರುವ ಉಪ್ಪಿಗೆ ಹೊರಗೆ ದಾರಿಯಿಲ್ಲ. ಅದು ಪೊರೆಯ ಹಿಂದೆ ಕೂತು ತಳ್ಳುತ್ತಿದೆ ಎಂದು ನನ್ನ ಅನುಮಾನ.

ನಿರ್ದೇಶಕರಿಗೆ ಹೇಳಿದೆ. “ನೋಡಮ್ಮ, ಬಿಚ್ಚೋ ತಲೆನೋವೇ ಬೇಡ. ಇನ್ನೊಂದು ಕೋಟು ಹೊಡೆದುಬಿಡಿ, ಅಂಟಿಕೊಳ್ಳತ್ತೆ. ಅಕ್ಟೋಬರಲ್ಲಿ ಜನರಿಗೆ ಬಾಗಿಲು ತೆಗೀಬೇಕು,” ಎಂದರು.

“ಸರ್, ಅಂಟಿಸಿದ್ದೇ ರೋಗ.”

“ರೋಗಿ ಎರಡು ಸಾವಿರ ವರ್ಷ ಬದುಕಿದಾನೆ. ಇನ್ನೊಂದೈದು ವರ್ಷ ತಡ್ಕೊಂಡ್ರೆ ನಾನು ನಿವೃತ್ತಿ ಆಗಿರ್ತೀನಿ.”

ನಕ್ಕರು. ನಾನೂ ನಕ್ಕೆ, ನಗಬಾರದಿತ್ತು. ಮೇ 5ಕ್ಕೆ ತಜ್ಞರ ಸಮಿತಿ ಕೂರುತ್ತದೆ. ಹೊಸ ಕೋಟಿಗೆ ಒಪ್ಪಿಗೆಯ ಹಾಳೆಗೆ ನನ್ನ ಸಹಿ ಬೇಕು. ಹಾಕದಿದ್ದರೆ ಯಾಕೆಂದು ರುಜುವಾತು ಬೇಕು. ಏನು ಮಾಡಲಿ?

ನಿಮ್ಮ ಇರುವೆ

*

ಮಾರ್ಚ್ 19

ಚಿರಂಜೀವಿ ಇರುವೆಗೆ ಮೇಷ್ಟ್ರ ಹಾರೈಕೆಗಳು.

ಇಡೀ ತರಗತಿ ಸಕ್ಕರೆ ಡಬ್ಬಿಯ ಸುತ್ತ ಸೇರುತ್ತಿದ್ದಾಗ ಹತ್ತಿ ಡಬ್ಬಿಯ ಸುತ್ತ ಸುಳಿದು ಇರುವೆ ಎಂಬ ಹೆಸರು ಪಡೆದ ಹುಡುಗಿಗೆ ಒಂದು ಗೋಡೆಯ ಪೂರ್ಣ ಜವಾಬ್ದಾರಿ ದೊರೆತಿದೆ ಎಂಬುದನ್ನು ಓದಿ, ಮೊಣಕಾಲಿನ ನೋವನ್ನು ಮರೆತು ಎದ್ದು ನಿಂತೆ. ಕೂರಲು ಮಾತ್ರ ಮಗಳ ಸಹಾಯ ಬೇಕಾಯಿತು.

ನಿನ್ನ ರೋಗನಿರ್ಣಯ ಸರಿಯೆಂದೇ ನನಗೂ ತೋರುತ್ತದೆ. ಆದರೆ ಹಿಂದಿನವರ ಬಗ್ಗೆ ಕಠಿಣವಾಗಬೇಡ. ಅಂದಿನ ದಿನಗಳಲ್ಲಿ ಆ ರಾಳವೇ ಅತ್ಯುತ್ತಮವೆಂದು ಬಲ್ಲವರೆಲ್ಲ ನಂಬಿದ್ದರು. ಅವರಲ್ಲಿ ಯಾರಿಗಾದರೂ ಅನುಮಾನ ಇದ್ದಿರಬಹುದು, ಇರದೆಯೂ ಇರಬಹುದು. ಮೂವತ್ತನಾಲ್ಕು ವರ್ಷಗಳ ಬಳಿಕ ಅದನ್ನು ಕೆದಕಿ ಫಲವಿಲ್ಲ. ಹಳೆಯ ವರದಿಗಳನ್ನು ಹುಡುಕುವುದರಲ್ಲಿಯೂ ಸಮಯ ಕಳೆಯಬೇಡ. ಅವುಗಳಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು.

ಮೊದಲು ಎದ್ದ ಹೋಳುಗಳ ಅಂಚಿಗೆ ತೆಳುಕಾಗದ ಕೊಟ್ಟು ಉದುರದಂತೆ ನಿಲ್ಲಿಸು. ದ್ರಾವಕವನ್ನು ನೇರವಾಗಿ ಬಳಸದೆ, ಗಂಜಿಯಷ್ಟು ಗಟ್ಟಿಮಾಡಿ, ಉಗುರಿನಷ್ಟೇ ಜಾಗದಲ್ಲಿ ಪರೀಕ್ಷಿಸು. ಮೊದಲ ಹತ್ತಿಯುಂಡೆ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳದೆ ಎರಡನೆಯದನ್ನು ಎತ್ತಿಕೊಳ್ಳಬೇಡ. ಆ ಪ್ರಶ್ನೆಪತ್ರಿಕೆಯನ್ನು ಗದರಬೇಡ. ನಲವತ್ತರಲ್ಲಿ ಒಂದು ಪ್ರಶ್ನೆ ನಿನ್ನನ್ನು ಕಾಪಾಡುವ ದಿನ ಬರುತ್ತದೆ.

ಸಹಿಯ ವಿಷಯ: ಮನಸ್ಸು ಒಪ್ಪದ ಹಾಳೆಗೆ ಸಹಿ ಹಾಕಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ ಎಂದು ತಿಳಿ.

ನಿನ್ನ ಮೇಷ್ಟ್ರು

*

ಏಪ್ರಿಲ್ 3

ಮೇಷ್ಟ್ರಿಗೆ ನಮಸ್ಕಾರಗಳು.

ತೆಳುಕಾಗದ ಕೊಟ್ಟಾಯಿತು. ಗೋಡೆ ಈಗ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡ ಹಾಗಿದೆ, ಆದರೆ ಉದುರುವುದು ನಿಂತಿದೆ. ಕೆಲಸ ಮಾಡುತ್ತ ಒಂದು ಮಾತು ಅನಿಸಿತು, ಹೇಳಿಬಿಡುತ್ತೇನೆ: ರಾಳ ಹಚ್ಚಿದ ಕೈ ಬಹಳ ನುರಿತದ್ದು. ಎಲ್ಲೂ ಒಂದು ತೊಟ್ಟು ಇಳಿದಿಲ್ಲ, ಎಲ್ಲೂ ಬ್ರಷ್ಷಿನ ಗೆರೆ ಕಾಣುವುದಿಲ್ಲ. ಕೆಟ್ಟ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ನೋಡಿರಲಿಲ್ಲ.

ನಿರ್ದೇಶಕರ ವಾದ ಈಗ ಬೇರೆ. “ಆ ಹಳದಿಯೇ ಹಳೇ ಬಣ್ಣ ಇರಬಹುದಲ್ಲ? ನೀವು ರಾಳ ಅಂತ ಕೆರೀತಾ ಹೋದ್ರೆ ಕೆಳಗೆ ಬರೀ ಗಾರೆ ಸಿಕ್ಕಿದ್ರೆ? ರಾಳ ಇಲ್ಲದೇ ಇದ್ದಿದ್ರೆ ಗೋಡೆ ಯಾವತ್ತೋ ಮಣ್ಣಾಗಿರೋದು,” ಎನ್ನುತ್ತಾರೆ. ರಾಳ ಕಾಣದ ಒಂದು ಅಂಗೈಯಷ್ಟು ಜಾಗ ಸಿಕ್ಕಿದ್ದರೂ ಸಾಕಿತ್ತು. ‘ನೋಡಿ, ಬರಿಗೋಡೆ ಹೀಗೆ ಬಾಳಿದೆ’ ಎಂದು ತೋರಿಸುತ್ತಿದ್ದೆ. ವರದಿಯಲ್ಲಿ ‘ಗೋಡೆ ಸಂಪೂರ್ಣ ಲೇಪಿತ’ ಎಂದಿದೆಯಂತೆ.

ಒಂದು ತಮಾಷೆ. ನಾಯಿಯ ಬಾಲ ನಕಲಿ! ಅದರ ಮೇಲೆ ಬಿಳಿ ಪುಡಿ ಕೂತಿತ್ತು. ಒರೆಸಿದರೆ ಕೆಳಗೆ ಕಾವಿಬಣ್ಣ ನಿನ್ನೆ ಹಚ್ಚಿದಂತಿದೆ. ನೇರಳಾತೀತ ದೀಪ ಹಿಡಿದೆವು. ಇಡೀ ಗೋಡೆಯ ರಾಳ ಬೆಳ್ಳಗೆ ಮಿನುಗಿತು, ಬಾಲ ಮಾತ್ರ ಕಪ್ಪು. ನಿಮ್ಮ ಐದನೆಯ ಅಧ್ಯಾಯದ ಸೂತ್ರ: ‘ಮಿನುಗುವ ಗೋಡೆಯಲ್ಲಿ ಕಪ್ಪಾಗಿ ಕಾಣುವುದು ಆಮೇಲೆ ಬಳಿದ ಬಣ್ಣ.’ ಯಾರೋ ಪುಣ್ಯಾತ್ಮ ರಾಳದ ಮೇಲೆ ಹೊಸ ಬಾಲ ಬರೆದಿದ್ದಾನೆ. ನಾಯಿ ಬಾಲ ಡೊಂಕು ಎಂದು ನೇರ ಮಾಡಲು ಹೋದನೋ ಏನೋ. ಸಮಿತಿ ಬರುವ ಮುಂಚೆ, ಏಪ್ರಿಲ್ 27ರ ಬೆಳಿಗ್ಗೆ ಹತ್ತಕ್ಕೆ, ಅದನ್ನು ತೆಗೆದುಬಿಡುತ್ತೇವೆ. ನಿರ್ದೇಶಕರೂ ಒಪ್ಪಿದ್ದಾರೆ, ನಾವಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಹಿಂದಿನ ತಂಡದವರು ಯಾರಾದರೂ ನಿಮಗೆ ಪರಿಚಯವಿದ್ದರೆ, ಒಮ್ಮೆ ಕೇಳಿ ನೋಡುತ್ತೀರಾ?

ನಿಮ್ಮ ಇರುವೆ

*

ಏಪ್ರಿಲ್ 20

ಮೇಷ್ಟ್ರೇ,

ಮೂರನೆಯ ತಾರೀಖಿನ ಪತ್ರ ತಲುಪಿತೇ? ನೀವು ಇಷ್ಟು ದಿನ ಸುಮ್ಮನಿದ್ದದ್ದು ನೆನಪಿಲ್ಲ. ಮಗಳಿಗೆ ಫೋನ್ ಮಾಡಿದೆ. “ಅಪ್ಪ ಚೆನ್ನಾಗೇ ಇದಾರೆ, ಇಡೀ ದಿನ ಏನೋ ಬರೀತಾ ಇರ್ತಾರೆ,” ಎಂದರು.

‘ಕೆಟ್ಟ ಕೆಲಸ’ ಎಂಬ ಮಾತು ನನ್ನ ಬಾಯಿಂದ ಬರಬಾರದಿತ್ತು. ಅದರಿಂದ ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ. ಹಿಂದಿನವರನ್ನು ಯಾರ ಮುಂದೆಯೂ ನಿಲ್ಲಿಸುವ ಉದ್ದೇಶ ನನಗಿಲ್ಲ. ನೀವೇನೂ ಬರೆಯದಿದ್ದರೂ ಪರವಾಗಿಲ್ಲ. ನಾನು ಬೇರೆ ದಾರಿ ಹುಡುಕುತ್ತೇನೆ.

ನಿಮ್ಮ ಇರುವೆ

*

ಏಪ್ರಿಲ್ 26

ಚಿರಂಜೀವಿ ಇರುವೆಗೆ,

ನಿನ್ನ ಮಾತಿನಿಂದ ನನಗೆ ಬೇಸರವಾಗಿಲ್ಲ. ಈ ಹದಿನೈದು ದಿನಗಳಲ್ಲಿ ಎಂಟು ಪತ್ರ ಬರೆದು ಎಂಟನ್ನೂ ಹರಿದಿದ್ದೇನೆ. ಇದು ಒಂಬತ್ತನೆಯದು.

ಆ ಬಾಲ ಹೊಸದಲ್ಲ. ಆ ಗೋಡೆಯ ಮೇಲೆ ರಾಳ ತಾಗದ ಮೂಲ ಬಣ್ಣ ಅದೊಂದೇ. ಬೇರೆಡೆಯೆಲ್ಲ ರಾಳ ಹಚ್ಚಿದವನು ನಾನು. ಬಾಲವನ್ನು ಬಿಟ್ಟವನೂ ನಾನೇ.

ಆಗ ನನಗೆ ಮೂವತ್ತೊಂದು ವರ್ಷ. ಗಾರೆಯ ಒಂದು ಬಿಲ್ಲೆಗೆ ಅದೇ ರಾಳ ಹಚ್ಚಿ ಪ್ರಯೋಗಾಲಯದ ಕಿಟಕಿಯಲ್ಲಿ ಇಟ್ಟಿದ್ದೆ. ನಾಲ್ಕೇ ತಿಂಗಳಲ್ಲಿ ಅದು ಹಳದಿಗೆ ತಿರುಗಿತು. ಬಿಲ್ಲೆಯನ್ನು ಹಿಡಿದುಕೊಂಡು ಅಂದಿನ ಹಿರಿಯ ಅಧಿಕಾರಿಯ ಬಳಿ ಹೋದೆ. ಅವರು ಅದನ್ನು ತಿರುಗಿಸಿ ನೋಡಿ, “ಕಿಟಕೀಲಿ ಬಿಸಿಲಿದೆ. ಸಮಾಧೀಲಿ ಬಿಸಿಲೆಲ್ಲಿದೆಯಪ್ಪಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಿರುವುದನ್ನೇ ಒಪ್ಪಿಗೆಯೆಂದು ಭಾವಿಸಿ ಸಹಿ ಹಾಕಿದೆ.

ಹನ್ನೊಂದು ದಿನ ಹಚ್ಚಿದೆ. ಕೊನೆಯ ದಿನ ಮಂಚದ ಕೆಳಗೆ ಬೋರಲು ಮಲಗಿ ನಾಯಿಯ ಬೆನ್ನಿನವರೆಗೆ ಬಂದೆ. ಆರು ಬೆರಳು ಉದ್ದ, ಎರಡು ಬೆರಳು ಅಗಲ ಉಳಿದಿತ್ತು. ಬ್ರಷ್ಷನ್ನು ಕೆಳಗಿಟ್ಟೆ. ನನ್ನ ಅನುಮಾನ ನಿಜವಾದರೆ ಮುಂದೆ ಬರುವವರಿಗೆ ಹೋಲಿಸಿ ನೋಡಲು ಒಂದು ತುಣುಕಾದರೂ ಇರಲಿ ಎಂದುಕೊಂಡೆ. ಇಲ್ಲಿಯವರೆಗೆ ನನ್ನ ನಡತೆಯನ್ನು ಹೇಗೋ ಸಮರ್ಥಿಸಿಕೊಳ್ಳಬಹುದು. ಆದರೆ ಅದನ್ನು ವರದಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ, ಅನುಮಾನವಿದ್ದೂ ಏಕೆ ಹಚ್ಚಿದೆ ಎಂದು ಕೇಳುತ್ತಿದ್ದರು. ‘ಸಂಪೂರ್ಣ ಲೇಪಿತ’ ಎಂದು ಬರೆದೆ.

ಆ ಗೋಡೆ ಮೆಚ್ಚುಗೆ ಪಡೆಯಿತು. ನಾನು ಪಾಠಪುಸ್ತಕ ಬರೆದಾಗ ಅದನ್ನೇ ಮಾದರಿಯೆಂದು ಮುಖಪುಟಕ್ಕೆ ಹಾಕಿದರು. ಒಳಗೆ ‘ಒಂದು ತಂಡ’ ಎಂದಷ್ಟೇ ಬರೆದೆ. ಓದಿದವರು ಅದನ್ನು ವಿನಯವೆಂದುಕೊಂಡರು. ಪುಸ್ತಕವಿದ್ದರೆ ಒಮ್ಮೆ ನೋಡು, ಮುಖಪುಟದ ನಾಯಿಗೆ ಬಾಲವಿಲ್ಲ. ಚಿತ್ರವನ್ನು ಅಲ್ಲಿಗೆ ಕತ್ತರಿಸಿ ಕೊಟ್ಟವನು ನಾನೇ. ಇಪ್ಪತ್ತಾರು ವರ್ಷ ಆ ಪುಸ್ತಕ ಹಿಡಿದು ನಿಮಗೆಲ್ಲ ಪ್ರಾಮಾಣಿಕ ದಾಖಲೆಯ ಮಹತ್ವವನ್ನು ಬೋಧಿಸಿದೆ.

ಐದನೆಯ ಅಧ್ಯಾಯದ ಸೂತ್ರ ತಪ್ಪಲ್ಲ, ಅರೆಬರೆ. ಕಪ್ಪಾಗಿ ಕಾಣುವುದು ರಾಳದ ನಂತರ ಬಳಿದದ್ದಾಗಿರಬಹುದು. ರಾಳವೇ ಹಚ್ಚದೆ ಬಿಟ್ಟದ್ದೂ ಆಗಿರಬಹುದು. ಎರಡನೆಯ ವಾಕ್ಯವನ್ನು ನಾನು ಬರೆಯಲಿಲ್ಲ. ಏಕೆಂಬುದು ಈಗ ನಿನಗೆ ತಿಳಿದಿದೆ.

ಈ ಪತ್ರದಿಂದ ನೀನು ನನ್ನನ್ನು ಮೊದಲಿನಂತೆ ಕಾಣಲಾರೆ ಎಂಬ ಅಳುಕಿನಿಂದಲೇ ತಡಮಾಡಿದೆ. ಅದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ನಿನ್ನ ಮೇಷ್ಟ್ರು

*

ಏಪ್ರಿಲ್ 27, ಬೆಳಿಗ್ಗೆ 9.55 (ಫೋನಿನ ಸಂದೇಶ)

ಅಕ್ಕಾ, ನಾನು ಮೇಷ್ಟ್ರ ಮೊಮ್ಮಗಳು. ತಾತ ಈಗ ತಾನೇ ಪತ್ರ ಡಬ್ಬಿಗೆ ಹಾಕಿ ಬಂದ್ರು. “ತಾತ, ಪತ್ರ ಹೋಗೋಕೆ ನಾಲ್ಕು ದಿನ, ಬಾಲ ಇವತ್ತೇ ಹೋಗತ್ತಲ್ಲ” ಅಂದೆ. ಬೆವರಿಬಿಟ್ರು. ಅವರು ಹೇಳಿದ್ದು ಹೀಗೆ: ‘ಬಾಲವನ್ನು ಮುಟ್ಟಬೇಡ. ಅದು ಮೂಲ. ಬಿಟ್ಟವನು ನಾನು. ವಿವರ ಪತ್ರದಲ್ಲಿದೆ.’ ದಯವಿಟ್ಟು ಬೇಗ ನೋಡಿ. ಎರಡು ಸಲ ಫೋನ್ ಮಾಡಿದ್ವಿ, ನೀವು ಎತ್ತಲಿಲ್ಲ. ತಾತ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಂತಿದಾರೆ. ಎಲ್ಲಿಗೆ ಅಂದ್ರೆ ಹೇಳ್ತಿಲ್ಲ.

*

ಮೇ 6

ಮೇಷ್ಟ್ರಿಗೆ ನಮಸ್ಕಾರಗಳು.

ಅವತ್ತು ಸಂಜೆ ನಿಮ್ಮ ಮಗಳಿಗೆ ಫೋನಿನಲ್ಲಿ ‘ಬಾಲ ಇದೆ’ ಎಂದಷ್ಟೇ ಹೇಳಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂದೇಶ ಬಂದಾಗ ಫೋನು ಪೆಟ್ಟಿಗೆಯಲ್ಲಿತ್ತು, ನಾವು ಕೆಳಗಿದ್ದೆವು. ನಾನು ಬಾಲದ ತುದಿಯಿಂದ ಶುರುಮಾಡಿದೆ. ಮೊದಲ ಹತ್ತಿಯುಂಡೆಗೆ ಬಣ್ಣ ಬರಲಿಲ್ಲ. ಹೊಸ ಬಣ್ಣವಾಗಿದ್ದರೆ ಬರಬೇಕಿತ್ತು. ನೀವು ಹೇಳಿದಂತೆ ನಾನು ಅದನ್ನು ಕೇಳಿಸಿಕೊಳ್ಳಬೇಕಿತ್ತು. ಗಟ್ಟಿಯಾಗಿ ಅಂಟಿದೆ ಎಂದುಕೊಂಡು ಚೂರಿಯ ಮೊನೆ ತೆಗೆದುಕೊಂಡು ಕೆರೆಯತೊಡಗಿದೆ.

ಪ್ರಶ್ನೆಪತ್ರಿಕೆ ಬಗ್ಗಿ, “ಅಕ್ಕಾ, ಒಂದು ಪ್ರಶ್ನೆ,” ಎಂದಳು.

“ಈಗ ಬೇಡ. ಕೈ ಅಲುಗತ್ತೆ.”

“ಅಲ್ಲ, ಈ ಬಿರುಕು ನಾಯಿ ಬೆನ್ನಿಂದ ಬಾಲದ ಮೇಲೇ ಹಾದುಹೋಗಿದೆ, ಬೆನ್ನಲ್ಲಿ ಅದರೊಳಗೆ ರಾಳ ಇಳಿದಿದೆ. ಹೊಸ ಬಣ್ಣ ಆಗಿದ್ರೆ ಬಿರುಕಿನ ಒಳಗೂ ಇಳಿದಿರಬೇಕಲ್ವಾ? ಇಲ್ಲಿ ಬಣ್ಣಾನೇ ಸೀಳಿದೆ. ಬಣ್ಣ ಮೊದಲು ಇತ್ತು, ಬಿರುಕು ಆಮೇಲೆ ಬಂತು ಅಂತ ತಾನೇ?”

ನನ್ನ ಕೈ ನಿಂತಿತು. ಅಷ್ಟರಲ್ಲಿ ಮಾಪಕ ಕಿರುಚಿತು. ಮೇಲೆ ಬಂದು ಫೋನು ನೋಡಿದೆ. ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಹೋದದ್ದು ಅಕ್ಕಿಕಾಳಿನಷ್ಟು, ಬಾಲದ ತುದಿಯಲ್ಲಿ. ಎರಡು ಸಾವಿರ ವರ್ಷ ಇದ್ದದ್ದು ನನ್ನ ಕೈಯಲ್ಲಿ ಹೋಯಿತು. ವರದಿಯಲ್ಲಿ ಬರೆದಿದ್ದೇನೆ: ಎಷ್ಟು, ಎಲ್ಲಿ, ಯಾರಿಂದ, ಯಾವ ತಪ್ಪು ತಿಳುವಳಿಕೆಯಿಂದ. ಪ್ರಶ್ನೆ ಕೇಳಿದವಳ ಹೆಸರನ್ನೂ.

ಈಗ ನನ್ನ ಸರದಿ. ‘ಸಂಪೂರ್ಣ ಲೇಪಿತ ಎಂದಿದೆಯಂತೆ’ ಎಂದು ಯಾರಿಂದಲೋ ಕೇಳಿದವಳ ಹಾಗೆ ಬರೆದಿದ್ದೆನಲ್ಲ, ಅದು ಸುಳ್ಳು. ಹಳೆಯ ವರದಿಯನ್ನು ನಾನು ಮೊದಲ ದಿನವೇ ಓದಿದ್ದೆ. ಸಹಿ ನೋಡಿದ ತಕ್ಷಣ ಗುರುತು ಹತ್ತಿತು. ನನ್ನ ಉತ್ತರಪತ್ರಿಕೆಗಳ ಮೇಲೆ ಅದನ್ನು ಐದು ವರ್ಷ ನೋಡಿದ್ದೇನೆ. ನಿಮ್ಮನ್ನು ಕಟಕಟೆಗೆ ಎಳೆಯುವುದು ಬೇಡವೆಂದು ಗೊತ್ತಿಲ್ಲದವಳ ಹಾಗೆ ಇದ್ದೆ. ನೀವು ಮುಚ್ಚಿಟ್ಟಿರಿ, ನಾನೂ ಮುಚ್ಚಿಟ್ಟೆ. ಇಬ್ಬರ ಮರ್ಯಾದೆಯ ನಡುವೆ ಬಾಲ ಹೋಗುತ್ತಿತ್ತು. ಮೊದಲ ಪತ್ರದಲ್ಲೇ ‘ನೀವೇ ಹಚ್ಚಿದ್ದಲ್ಲವೇ, ಎಲ್ಲಾದರೂ ಬಿಟ್ಟಿದ್ದೀರಾ?’ ಎಂದು ಕೇಳಿದ್ದರೆ ಮುಗಿಯುತ್ತಿತ್ತು.

ನಿನ್ನೆ ಸಮಿತಿ ಕೂತಿತ್ತು. ನಾನು ಸಹಿ ಹಾಕಲಿಲ್ಲ. ಬಾಲವನ್ನು ತೋರಿಸಿದೆ: ಉಪ್ಪು ಹೊರಗೆ ಬಂದು ಪುಡಿಯಾಗಿ ಉದುರಿದೆ, ಬಣ್ಣ ಗಟ್ಟಿಯಾಗಿದೆ. ನಿರ್ದೇಶಕರು ಬಿಡಲಿಲ್ಲ. “ಅದು ಮೂಲ ಅನ್ನೋಕೆ ಏನಾಧಾರ? ಹೋದ ವಾರ ನೀವೇ ನಕಲಿ ಅಂದ್ರಲ್ಲಮ್ಮ!” ಎಂದರು. ಬಿರುಕನ್ನು ತೋರಿಸಿದೆ, ಅದೊಂದೇ ಸಾಲದು ಎಂದರು. ‘ರಾಳ ಹಚ್ಚಿದವರೇ ಬರೆದು ಸಹಿ ಮಾಡಿದ ಹೇಳಿಕೆ ಬೇಕು’ ಎಂದು ಸಮಿತಿ 20ನೆಯ ತಾರೀಖಿಗೆ ಮುಂದೂಡಿದೆ.

ನಿಮ್ಮ ಪತ್ರ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಅದು ನನಗೆ ಬರೆದದ್ದು. ಸಮಿತಿಗೆ ಹೋದರೆ ಕಡತಕ್ಕೆ ಸೇರುತ್ತದೆ, ನಿಮ್ಮ ಪುಸ್ತಕ ಓದಿದ ಎಲ್ಲರಿಗೂ ತಿಳಿಯುತ್ತದೆ. ನೀವು ಹೇಳದೆ ಕೊಡುವುದಿಲ್ಲ.

ನಿಮ್ಮ ಇರುವೆ

*

ಮೇ 12

ಚಿರಂಜೀವಿ ಇರುವೆಗೆ,

ಹೇಳಿಕೆಯನ್ನು ಲಗತ್ತಿಸಿದ್ದೇನೆ. ಮೂರು ಪುಟ, ಪ್ರತಿ ಪುಟಕ್ಕೂ ಸಹಿ. ಕಿಟಕಿಯಲ್ಲಿಟ್ಟಿದ್ದ ಆ ಬಿಲ್ಲೆಯನ್ನೂ ಬೇರೆ ಡಬ್ಬಿಯಲ್ಲಿ ಕಳಿಸುತ್ತಿದ್ದೇನೆ. ಮೂವತ್ತನಾಲ್ಕು ವರ್ಷದಿಂದ ಅದು ನನ್ನ ಮೇಜಿನ ಕೆಳಖಾನೆಯಲ್ಲಿತ್ತು. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು ಇದೆ. ಎಸೆಯಲು ಎಷ್ಟೋ ಬಾರಿ ಕೈಗೆತ್ತಿಕೊಂಡಿದ್ದೆ.

ಮೊಮ್ಮಗಳು ಹೇಳಿಕೆಯನ್ನು ಓದಿ, “ತಾತ, ‘ಅನಿವಾರ್ಯವಾಗಿ’ ಅನ್ನೋ ಪದ ನಾಲ್ಕು ಸಲ ಬಂದಿದೆ,” ಎಂದಳು. ನಾಲ್ಕನ್ನೂ ಹೊಡೆದುಹಾಕಿದೆ. ವಾಕ್ಯಗಳು ಮೊದಲಿಗಿಂತ ನೆಟ್ಟಗೆ ನಿಂತಿವೆ.

ಪುಸ್ತಕದ ಪ್ರಕಾಶಕರಿಗೂ ಬರೆದಿದ್ದೇನೆ. ಮುಂದಿನ ಮುದ್ರಣದಲ್ಲಿ ಐದನೆಯ ಅಧ್ಯಾಯಕ್ಕೆ ಎರಡನೆಯ ವಾಕ್ಯ ಸೇರುತ್ತದೆ, ಮುಖಪುಟದ ನಾಯಿಗೆ ಬಾಲ ಬರುತ್ತದೆ. ಅಕ್ಕಿಕಾಳಿನ ಗಾಯ ಕಾಣುವಂತೆ ಹೊಸ ಚಿತ್ರ ತೆಗೆಸಿ ಕಳಿಸು. ಮುಚ್ಚಬೇಡ.

ನಿನ್ನ ಮೇಷ್ಟ್ರು

*

ಮೇ 22

ಮೇಷ್ಟ್ರಿಗೆ ನಮಸ್ಕಾರಗಳು.

ಹೊಸ ಕೋಟು ಬೇಡವೆಂದು ಸಮಿತಿ ತೀರ್ಮಾನಿಸಿತು. ಮೊದಲು ನಾಯಿಯ ಬೆನ್ನಿನಿಂದ ಒಂದು ಗೇಣು ಜಾಗದ ರಾಳ ಬಿಡಿಸಿ, ಬಾಲದ ಬಣ್ಣಕ್ಕೆ ಹೋಲಿಸಿ, ಆಮೇಲೆ ಮುಂದಕ್ಕೆ. ಬಾಗಿಲು ತೆರೆಯುವುದು ಎರಡು ವರ್ಷ ಮುಂದೆ ಹೋಯಿತು.

ಹೇಳಿಕೆಯನ್ನು ಓದಿಸಿದರು. ನಿರ್ದೇಶಕರು ಬಿಲ್ಲೆಯನ್ನು ತಿರುಗಿಸಿ ತಾರೀಖು ನೋಡಿದರು. ಹೊರಗೆ ಬಂದ ಮೇಲೆ, “ನಿಮ್ಮ ಮೇಷ್ಟ್ರು ಗಟ್ಟಿ ಮನುಷ್ಯ ಕಣಮ್ಮ. ನಾನಾಗಿದ್ರೆ ಬಿಲ್ಲೆ ಎಸೀತಿದ್ದೆ,” ಎಂದರು. ಅವರಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಬಾಗಿಲ ಹಿಂದಿನ ಮೂಲೆಯಲ್ಲಿ ಅಂಗೈಯಗಲ ರಾಳವನ್ನು ತೆಗೆಯದೆ ಹಾಗೇ ಬಿಡುತ್ತೇವೆ. ನಾವು ಮಾಡುತ್ತಿರುವುದು ತಪ್ಪಾಗಿದ್ದರೆ ಮುಂದಿನವರಿಗೆ ಹೋಲಿಸಲು ಇರಲಿ ಎಂದು. ವರದಿಯಲ್ಲಿ ಅಳತೆ ಸಮೇತ ಇದೆ, ಮೂರು ಪ್ರತಿ.

ಜೂನ್ 4, ಗುರುವಾರ, ಹತ್ತು ಗಂಟೆಗೆ ಮೊದಲ ಹೋಳು ಬಿಡಿಸುತ್ತೇವೆ. ದಾಖಲೆ ಪುಸ್ತಕದಲ್ಲಿ ಇಳಿಯುವ ಇಬ್ಬರ ಹೆಸರು ಬರೆಯಬೇಕು. ನನ್ನದನ್ನು ಬರೆದಿದ್ದೇನೆ. ಇನ್ನೊಂದು ಸಾಲು ಖಾಲಿ ಬಿಟ್ಟಿದ್ದೇನೆ. ಹತ್ತೊಂಬತ್ತು ಮೆಟ್ಟಿಲು, ನಾನು ಕೈ ಹಿಡಿಯುತ್ತೇನೆ. ಬನ್ನಿ.

ನಿಮ್ಮ ಇರುವೆ

*

ಮೇ 29

ಚಿರಂಜೀವಿ ಇರುವೆಗೆ ಮೇಷ್ಟ್ರ ತುಂಬು ಹಾರೈಕೆಗಳು.

ಆ ಖಾಲಿ ಸಾಲನ್ನು ಓದಿ ಚಪ್ಪಲಿ ಹಾಕಿಕೊಂಡೆ. ಈ ಬಾರಿ ಎಲ್ಲಿಗೆಂದು ಮೊಮ್ಮಗಳಿಗೆ ಹೇಳಿದೆ. ಆಮೇಲೆ ಯೋಚಿಸಿ ಬಿಚ್ಚಿಟ್ಟೆ. ಮೊಣಕಾಲಿನ ಕಾರಣವಲ್ಲ. ಮೆಟ್ಟಿಲಿಳಿದ ಮುದುಕನ ಏದುಸಿರು ಇಬ್ಬರ ಉಸಿರಿಗೆ ಸಮ. ನಿನ್ನ ಇಪ್ಪತ್ತು ನಿಮಿಷ ಹತ್ತಾಗುತ್ತದೆ. ಆ ಗೋಡೆಯ ಮುಂದೆ ನನ್ನ ಪಾಲಿನ ಹನ್ನೊಂದು ದಿನಗಳನ್ನು ನಾನು ಆಗಲೇ ಖರ್ಚು ಮಾಡಿದ್ದೇನೆ.

ಖಾಲಿ ಸಾಲಿನಲ್ಲಿ ಪ್ರಶ್ನೆಪತ್ರಿಕೆಯ ಹೆಸರು ಬರೆ. ಮೊದಲ ಹತ್ತಿಯುಂಡೆಯನ್ನು ಅವಳ ಕೈಗೇ ಕೊಡು. ಅವಳು ತಡೆದು ಪ್ರಶ್ನೆ ಕೇಳಿದರೆ ಮಾಪಕ ಕಿರುಚಲಿ, ಮೇಲೆ ಬಂದು ಕೂತು ಉತ್ತರ ಹುಡುಕಿ, ಮತ್ತೆ ಇಳಿಯಿರಿ. ಗೋಡೆಗೆ ಅವಸರವಿಲ್ಲ, ಅವಸರವೆಲ್ಲ ನಮ್ಮದೇ ಆಗಿತ್ತು.

ರಾಳ ಪೂರ್ತಿ ಹೋಗಲು ವರ್ಷಗಳು ಬೇಕು, ಅಷ್ಟರಲ್ಲಿ ಅವಳಿಗಿಂತ ಚಿಕ್ಕವರು ಯಾರಾದರೂ ಅಲ್ಲಿಗೆ ಇಳಿದು, ನಾಯಿಯ ಬಾಲಕ್ಕೆ ದೀಪ ಹಿಡಿದು, ‘ಇದು ಹೊಸ ಬಣ್ಣ’ ಎಂದು ಧೈರ್ಯವಾಗಿ ಹೇಳುತ್ತಾರೆ. ಆಗ ನೀನು ಹಿರಿಯಳಾಗಿರುತ್ತೀಯೆ. ಅವರನ್ನು ಬೈಯಬೇಡ. ನೀನೂ ಹಾಗೆಯೇ ಹೇಳಿದ್ದೆ. ಹಾಗೆ ಹೇಳಲು ನಿನಗೆ ಕಲಿಸಿದವನು ನಾನು.

ನಿನ್ನ ಮೇಷ್ಟ್ರು